ಧೋತರದ ಗಂಟಿನಲ್ಲಿ ಎಂಬತ್ತು ಜಿಬಿ

ನಮ್ಮ ಕಲಬುರಗಿಯಲ್ಲಿ ‘ಹೋಗ್ಯದ’ ಅನ್ನುವ ಒಂದೇ ಮಾತಿಗೆ ಹತ್ತಾರು ಅರ್ಥ. ಕರೆಂಟ್ ಹೋಗ್ಯದ ಅಂದರೆ ಸಂಜೆಯೊಳಗೆ ಬರುತ್ತದೆ. ಮೋಟರ್ ಹೋಗ್ಯದ ಅಂದರೆ ವೈಂಡಿಂಗ್ ಮಾಡಿಸಿದರೆ ಮತ್ತೆ ತಿರುಗುತ್ತದೆ. ಯಾರದೋ ತಲಿ ಹೋಗ್ಯದ ಅಂದರೂ ಗಾಬರಿ ಬೇಕಿಲ್ಲ, ಎರಡು ದಿನಕ್ಕೆ ತಾನೇ ಸರಿಯಾಗುತ್ತದೆ. ಆದರೆ 2012ರ ಒಂದು ಮಧ್ಯಾಹ್ನ ಅಂಗಡಿಯವನೊಬ್ಬ ನಮ್ಮಪ್ಪನ ಮುಂದೆ ಗಾಜಿನ ಕೌಂಟರಿನ ಮೇಲೆ ಹಾರ್ಡ್ ಡಿಸ್ಕ್ ಇಟ್ಟು, ‘ಮಾಸ್ತರ್ರ, ಇದು ಹೋಗ್ಯದ್ರಿ’ ಅಂದಾಗ ತಿರುಗಿ ಬರುವ ಯಾವ ಸೂಚನೆಯೂ ಆ ದನಿಯಲ್ಲಿ ಇರಲಿಲ್ಲ.

ಅಪ್ಪ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿದವನು. ನಿವೃತ್ತಿಗೆ ಎರಡು ವರ್ಷ ಇರುವಾಗ, 2004ರಲ್ಲಿ, ಊರಿನ ಸೂಪರ್ ಮಾರ್ಕೆಟ್ ಪೇಟೆಯ ಕಡೆ ಹೋಗಿ ಒಂದು ಕಂಪ್ಯೂಟರ್ ಜೋಡಿಸಿಕೊಂಡು ಬಂದಿದ್ದ. ದಪ್ಪ ಬೆನ್ನಿನ ಮಾನಿಟರ್, ವಿಂಡೋಸ್ ಎಕ್ಸ್‌ಪಿ, 80 ಜಿಬಿಯ ಡಿಸ್ಕ್. ಅದರಲ್ಲಿ ಅವನು ಮಾಡಿದ್ದು ಒಂದೇ ಕೆಲಸ. ಜೇವರ್ಗಿ ಕಡೆಯ ಹಳ್ಳಿಗಳಲ್ಲಿ ಅಮಾವಾಸ್ಯೆಯ ಭಜನೆಗೆ ಕೂತು ಕೇಳಿ ಬರೆದುಕೊಂಡ ತತ್ವಪದಗಳನ್ನು, ಹೆಚ್ಚಾಗಿ ಕಡಕೋಳ ಮಡಿವಾಳಪ್ಪನವರ ಮತ್ತು ಅವರ ಶಿಷ್ಯರ ಪದಗಳನ್ನು, ನುಡಿ ತಂತ್ರಾಂಶದಲ್ಲಿ ಎರಡೇ ಬೆರಳಿನಿಂದ ಕುಟ್ಟಿದ. ಎಂಟು ವರ್ಷ ಕುಟ್ಟಿದ. ಕಾಪಿ ತೆಗೆದು ಇಡಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ. ನನಗೆ ಹೊಳೆದಿತ್ತು, ಮಾಡಲಿಲ್ಲ. ನಾನು ವಿಜ್ಞಾನದ ಅಕ್ಕೋರು. ಮಕ್ಕಳಿಗೆ ಹೇಳುವುದು ಬೇರೆ, ಮನೆಯಲ್ಲಿ ಮಾಡುವುದು ಬೇರೆ.

‘ಹೋಗ್ಯದ’ ಅಂದ ಡಿಸ್ಕನ್ನು ಅಪ್ಪ ಅಂಗಡಿಯಲ್ಲಿ ಬಿಟ್ಟುಬರಲಿಲ್ಲ. ಮನೆಗೆ ತಂದು, ತನ್ನದೇ ಹಳೆಯ ಧೋತರದ ತುಂಡಿನಲ್ಲಿ ಸುತ್ತಿ, ಅಲಮಾರಿಯ ಕೆಳಗಿನ ಖಾನೆಯಲ್ಲಿ ಇಟ್ಟ. ಅಲ್ಲಿ ಅದು ಹನ್ನೆರಡು ವರ್ಷ ಮಲಗಿತ್ತು. ಅದು ಸತ್ತಿರಲಿಲ್ಲ ಎಂದು ಗೊತ್ತಾಗಿದ್ದು ಬೇರೊಂದು ಡಿಸ್ಕಿನ ಕಾಟದಿಂದ. ಆ ಕತೆಗೆ ಹೋಗುವ ಮೊದಲು ಆ ಕಾಲದ ಕಂಪ್ಯೂಟರಿನ ಒಳಹೊಟ್ಟೆ ಹೇಗಿತ್ತು ಎಂದು ಒಂದಿಷ್ಟು ಹೇಳಬೇಕು, ಯಾಕೆಂದರೆ ತಪ್ಪು ಹುಟ್ಟಿದ್ದು ಅಲ್ಲೇ.

ಆಗ ಡಿಸ್ಕಿನಿಂದ ಕಂಪ್ಯೂಟರಿನ ಮುಖ್ಯ ಬೋರ್ಡಾದ ಮದರ್‌ಬೋರ್ಡಿಗೆ ಲಾಡಿಯಂಥ ಅಗಲವಾದ ಬೂದು ಬಣ್ಣದ ಪಟ್ಟಿ ಹೋಗುತ್ತಿತ್ತು. ಐಡಿಇ ಕೇಬಲ್. ಅಂಚಿಗೆ ಒಂದು ಕೆಂಪು ಗೆರೆ. ಅದು ಒಂದನೇ ಸೂಜಿಯ ಗುರುತು, ಸಾಮಾನ್ಯವಾಗಿ ಡಿಸ್ಕಿನ ಕರೆಂಟ್ ಸಾಕೆಟ್ಟಿನ ಕಡೆಗೆ ಬರಬೇಕು. ಬಾಯಿಯಲ್ಲಿ 40 ಸೂಜಿಯ ಜಾಗ, ಅದರಲ್ಲಿ 20ನೆಯದು ಬೇಕೆಂದೇ ಇರುವುದಿಲ್ಲ, ಕೇಬಲ್ ತಿರುವುಮುರುವಾಗಿ ಕೂರದಿರಲಿ ಎಂದು. ಅಂದರೆ ಸೂಜಿ ಇರುವುದು 39. ಗುಂಡುಸೂಜಿಯಷ್ಟು ತೆಳು ಅನ್ನಬಹುದಾದ 39 ಸೂಜಿಗಳು, ಎರಡು ಸಾಲಲ್ಲಿ, ಮೂಲೆಯಲ್ಲಿ, ಬೆರಳು ತೂರದ ಜಾಗದಲ್ಲಿ. ಒತ್ತಿ ಕೂರಿಸುವವನ ಕೈ ಒಂದು ಎಳೆ ಓರೆಯಾದರೆ ಏನಾಗಬಹುದೆಂದು ಯೋಚಿಸಿ.

ಕೇಬಲ್ಲಿನಲ್ಲೂ ಎರಡು ಜಾತಿ. ಒಂದರಲ್ಲಿ 40 ತಂತಿ, ಇನ್ನೊಂದರಲ್ಲಿ 80. ಬಾಯಿ ಮಾತ್ರ ಎರಡಕ್ಕೂ 40ರದ್ದೇ, ಹಾಗಾಗಿ ಎಷ್ಟೋ ಮನೆಗಳಲ್ಲಿ ಅದಲುಬದಲಾಗಿ ಕೂತಿರುತ್ತಿದ್ದವು. ಹೆಚ್ಚಿನ 40 ತಂತಿಗಳು ಏನನ್ನೂ ಸಾಗಿಸುವುದಿಲ್ಲ. ಪರೀಕ್ಷೆ ಹಾಲಿನಲ್ಲಿ ಇಬ್ಬರು ಹುಡುಗರ ನಡುವೆ ಒಂದು ಖಾಲಿ ಜಾಗ ಬಿಡುತ್ತೇವಲ್ಲ, ಅವು ಹಾಗೆ. ಪ್ರತಿ ಎರಡು ಸಿಗ್ನಲ್ ತಂತಿಗಳ ನಡುವೆ ನೆಲಕ್ಕೆ, ಅಂದರೆ ಗ್ರೌಂಡಿಗೆ, ಕಟ್ಟಿದ ಒಂದು ತಂತಿ, ಒಬ್ಬನ ಉತ್ತರ ಇನ್ನೊಬ್ಬನ ಕಿವಿಗೆ ಬೀಳದಿರಲಿ ಎಂದು. ಆ ಖಾಲಿ ಜಾಗ ಇಲ್ಲದಿದ್ದರೆ ಡಿಸ್ಕ್ ಸೆಕೆಂಡಿಗೆ 33 ಎಂಬಿಗಿಂತ ಮೇಲೆ ಹೋಗುವಂತಿಲ್ಲ. 80 ತಂತಿಯ ಕೇಬಲ್ಲಿಗೆ ಬಣ್ಣದ ಬಾಯಿಗಳು: ನೀಲಿಯದು ಮದರ್‌ಬೋರ್ಡಿಗೆ, ತುದಿಯ ಕಪ್ಪು ಮೊದಲ ಡಿಸ್ಕಿಗೆ, ನಡುವಿನ ಬೂದು ಎರಡನೆಯದಕ್ಕೆ. ಉದ್ದ 18 ಇಂಚು ಮೀರಬಾರದು.

ಒಂದೇ ಕೇಬಲ್ಲಿಗೆ ಎರಡು ಡಿಸ್ಕ್ ಕೂರುವುದರಿಂದ ಯಾರು ಮೊದಲು, ಯಾರು ಆಮೇಲೆ ಎಂಬ ತಕರಾರು. ಅದನ್ನು ತೀರಿಸಲು ಡಿಸ್ಕಿನ ಹಿಂಭಾಗದಲ್ಲಿ ಜಂಪರ್ ಎಂಬ, ಅಕ್ಕಿಕಾಳಿಗಿಂತ ಒಂದಿಷ್ಟು ದೊಡ್ಡ ಪ್ಲಾಸ್ಟಿಕ್ ಟೊಪ್ಪಿಗೆ. ಅದನ್ನು ಇಂಥ ಎರಡು ಸೂಜಿಗೆ ಹಾಕಿದರೆ ಡಿಸ್ಕ್ ಮಾಸ್ಟರ್, ತೆಗೆದರೆ ಅಥವಾ ಬೇರೆ ಕಡೆ ಹಾಕಿದರೆ ಸ್ಲೇವ್. ಕೇಬಲ್ ಸೆಲೆಕ್ಟ್ ಎಂಬ ಮೂರನೇ ಸ್ಥಾನವೂ ಇತ್ತು. ಆಗ ಕೇಬಲ್ಲಿನಲ್ಲಿ ಕೂತ ಜಾಗವೇ ಪಟ್ಟ ನಿರ್ಧರಿಸುತ್ತದೆ. ಯಜಮಾನ, ಗುಲಾಮ ಎಂಬ ಹೆಸರು ಯಾಕೆ ಇಟ್ಟರೋ, ನನಗಂತೂ ಯಾವತ್ತೂ ಒಗ್ಗಲಿಲ್ಲ. ಹೆಸರಿಗೆ ತಕ್ಕ ಸಂಬಂಧವೂ ಅಲ್ಲಿಲ್ಲ. ಮಾಸ್ಟರ್ ಡಿಸ್ಕ್ ಸ್ಲೇವ್ ಡಿಸ್ಕಿಗೆ ಯಾವ ಆಜ್ಞೆಯನ್ನೂ ಕೊಡುವುದಿಲ್ಲ, ಎರಡಕ್ಕೂ ಅವುಗಳದೇ ಮಿದುಳು ಬೋರ್ಡಿನ ಮೇಲೆ ಇದೆ. ಮುಂದೆ ಮಾನಕದ ದಾಖಲೆಗಳಲ್ಲಿ ಸುಮ್ಮನೆ ಡಿವೈಸ್ 0, ಡಿವೈಸ್ 1 ಎಂದು ಬರೆದರು. ಅಷ್ಟೇ ಅದು, ಮನೆ ನಂಬರ್.

2008ರಲ್ಲಿ ಜಾಗ ಸಾಲದೆ 160 ಜಿಬಿಯ ಇನ್ನೊಂದು ಡಿಸ್ಕ್ ಹಾಕಿಸಿದೆವು. ಹೊಸದಕ್ಕೆ ವಿಂಡೋಸ್ ಹಾಕಿ ಮಾಸ್ಟರ್ ಮಾಡಿದರು, ಅಪ್ಪನ ಹಳೆಯದನ್ನು ಜಂಪರ್ ಕಿತ್ತು ಸ್ಲೇವ್ ಮಾಡಿದರು. ಅಪ್ಪ ಅಂಗಡಿಯಲ್ಲೇ ಕೂತು ನೋಡುತ್ತಿದ್ದನಂತೆ. ಮನೆಗೆ ಬಂದು ಅವ್ವನಿಗೆ ಹೇಳಿದ: ‘ಡಿಸ್ಕಿಗೆ ಭಿ ಒಬ್ಬ ಮಾಸ್ತರ್ ಬೇಕಂತ ನೋಡು.’

ನಾಲ್ಕು ವರ್ಷ ಚೆನ್ನಾಗಿಯೇ ನಡೆಯಿತು. ಚೆನ್ನಾಗಿ ಅಂದರೆ, ನಡುವೆ ಒಂದು ಸಲ ಕಂಪ್ಯೂಟರ್ ಎತ್ತಿನ ಗಾಡಿಯಾಯಿತು. ಹಾಡು ಹಚ್ಚಿದರೆ ತೊದಲುತ್ತಿತ್ತು, ಒಂದು ಸಿನಿಮಾ ಕಾಪಿ ಮಾಡಲು ಹಾಕಿದರೆ ಅಡುಗೆ ಮುಗಿಸಿ ಬಂದರೂ ಮುಗಿದಿರುತ್ತಿರಲಿಲ್ಲ. ಎಕ್ಸ್‌ಪಿಗೆ ಒಂದು ಗುಣವಿತ್ತು: ಕೇಬಲ್ಲಿನಲ್ಲಿ ಆರು ಸಲ ತಪ್ಪು ಕಂಡರೆ ಡಿಸ್ಕಿನ ವೇಗವನ್ನು ಒಂದು ಮೆಟ್ಟಿಲು ಇಳಿಸುತ್ತದೆ, ಹೀಗೇ ಇಳಿಸಿ ಇಳಿಸಿ ಕೊನೆಗೆ ಪಿಐಒ ಎಂಬ ಪುರಾತನ ಪದ್ಧತಿಗೆ ತಂದು ಕೂರಿಸುತ್ತದೆ. ಬಾಯಿ ಬಿಟ್ಟು ಒಂದು ಮಾತು ಹೇಳುವುದಿಲ್ಲ. ಡಿವೈಸ್ ಮ್ಯಾನೇಜರಿನಲ್ಲಿ ಪ್ರೈಮರಿ ಐಡಿಇ ಚಾನೆಲ್ ತೆಗೆದು ನೋಡಿದಾಗ ನನಗೆ ಸಿಕ್ಕಿತು. ಆ ಚಾನೆಲ್ಲನ್ನೇ ಅಳಿಸಿ ಮತ್ತೆ ಚಾಲೂ ಮಾಡಿದರೆ ಲೆಕ್ಕ ಸೊನ್ನೆಯಿಂದ ಶುರುವಾಗಿ ವೇಗ ಬರುತ್ತದೆ. ಬಂತು. ವಾರದಲ್ಲಿ ಮತ್ತೆ ಹೋಯಿತು. ಯಾಕೆ ಹೋಯಿತು ಎಂದು ಕೇಬಲ್ ಮುಟ್ಟಿ ನೋಡಲಿಲ್ಲ, ಮತ್ತೆ ಅಳಿಸಿದೆ. ಜ್ವರ ಬಂದಾಗಲೆಲ್ಲ ಥರ್ಮಾಮೀಟರ್ ಜಾಡಿಸಿದ ಹಾಗೆ.

2012ರಲ್ಲಿ 160ರದ್ದು ಟಕ್ ಟಕ್ ಎಂದು ಬಡಿಯತೊಡಗಿತು. ಅದು ನಿಜವಾಗಿ ಹೋಗಿತ್ತು. ಆ ಸದ್ದು, ಓದುವ ಹೆಡ್ ತನ್ನ ದಾರಿ ಹುಡುಕಿ ಸೋತು ಮತ್ತೆ ಮತ್ತೆ ಹಿಂದಿರುಗುವ ಸದ್ದು, ಒಮ್ಮೆ ಕೇಳಿದವರು ಮರೆಯುವುದಿಲ್ಲ. ಕಂಪ್ಯೂಟರಿನ ಡಬ್ಬಿ ಹೊತ್ತು ಅಂಗಡಿಗೆ ಹೋದೆವು. ಅವನು ಸತ್ತದ್ದನ್ನು ಬಿಚ್ಚಿದ, ಅಪ್ಪನ ಡಿಸ್ಕನ್ನು ಅದೇ ಕೇಬಲ್ಲಿನ ತುದಿಗೆ ಒತ್ತಿದ, ಕರೆಂಟ್ ಕೊಟ್ಟ. ಪರದೆ ಮೇಲೆ ಏನೂ ಬರಲಿಲ್ಲ. ಇನ್ನೊಮ್ಮೆ ಕಿತ್ತು ಒತ್ತಿದ. ಬರಲಿಲ್ಲ. ಅಂಗಡಿ ತುಂಬ ಗಿರಾಕಿ, ಲಗ್ನದ ಸೀಸನ್, ಹೊರಗೆ ಉರಿಬಿಸಿಲು. ‘ಇದು ಭಿ ಹೋಗ್ಯದ್ರಿ ಮಾಸ್ತರ್ರ. ಹೊಸಾದು ತಗೊಂಡ್ಬಿಡ್ರಿ.’ ಆ ಮಾತು ಒಪ್ಪುವಂಥದೇ ಇತ್ತು. ಒಂದು ಹೋದ ಮೇಲೆ ಇನ್ನೊಂದು ಹೋಗುವುದು ಲೋಕರೂಢಿ.

ಹೊಸ ಕಂಪ್ಯೂಟರ್ ಬಂತು. ಅದರಲ್ಲಿ ಅಗಲ ಪಟ್ಟಿ ಇರಲಿಲ್ಲ, ಸಾಟಾ ಎಂಬ ಸಣ್ಣ ಕೇಬಲ್: ಏಳೇ ಸಂಪರ್ಕ, ಜಂಪರ್ ಇಲ್ಲ, ಒಂದು ಕೇಬಲ್ಲಿಗೆ ಒಂದೇ ಡಿಸ್ಕ್, ಯಜಮಾನಿಕೆಯ ಜಗಳವೇ ಇಲ್ಲ. ಅಪ್ಪ ಆ ಕಂಪ್ಯೂಟರನ್ನು ಮುಟ್ಟಲಿಲ್ಲ.

ಹೋದ ವರ್ಷದ ಬೇಸಿಗೆಗೆ ಬರುತ್ತೇನೆ. ನಮ್ಮ ಊರಿನ ಮೇ ಅಂದರೆ ಗೊತ್ತಲ್ಲ, 43, 44 ಡಿಗ್ರಿ. ಶಾಲೆ ರಜೆ, ನಾನು ಮನೆಯಲ್ಲಿ. ಅದೇ ಕಂಪ್ಯೂಟರ್, ನಡುವೆ ತಿರುಗುವ ಭಾಗವಿಲ್ಲದ ಒಂದು ಎಸ್‌ಎಸ್‌ಡಿ ಸೇರಿಸಿದ್ದೆ, ಜೊತೆಗೆ ಒಂದು ಟೆರಾಬೈಟಿನ ಹಾರ್ಡ್ ಡಿಸ್ಕ್. ಅದು ಇದ್ದಕ್ಕಿದ್ದಂತೆ ಗರ ಬಡಿದ ಹಾಗೆ ನಿಲ್ಲತೊಡಗಿತು. ಮೌಸ್ ಓಡಾಡುತ್ತದೆ, ಬೇರೇನೂ ಅಲುಗಾಡುವುದಿಲ್ಲ. ಅರ್ಧ ನಿಮಿಷದ ಮೇಲೆ ಏನೂ ಆಗದವರಂತೆ ಮುಂದುವರಿಯುತ್ತದೆ, ಇಲ್ಲವೇ ದೊಡ್ಡ ಡಿಸ್ಕ್ ಪಟ್ಟಿಯಿಂದಲೇ ಮಾಯ. ಮೊದಲು ಬಿಸಿಲಿನ ಮೇಲೆ ಅನುಮಾನ ಪಟ್ಟೆ. ಡಿಸ್ಕಿನ ತಾಪಮಾನ 49 ತೋರಿಸುತ್ತಿತ್ತು. ಅದು ತಂಪೇನಲ್ಲ, ಆದರೆ ಮನೆಬಳಕೆಯ ಡಿಸ್ಕುಗಳಿಗೆ ಸಾಮಾನ್ಯವಾಗಿ 60ರವರೆಗೆ ಮಿತಿ ಇರುತ್ತದೆ. 2007ರಲ್ಲಿ ಗೂಗಲ್‌ನ ಎಂಜಿನಿಯರುಗಳು ಒಂದು ಲಕ್ಷಕ್ಕೂ ಹೆಚ್ಚು ಡಿಸ್ಕುಗಳ ಲೆಕ್ಕ ಇಟ್ಟು ಬರೆದಾಗ, ಬಿಸಿಗೂ ಡಿಸ್ಕ್ ಕೆಡುವುದಕ್ಕೂ ಎಲ್ಲರೂ ಅಂದುಕೊಂಡಷ್ಟು ಗಟ್ಟಿ ನಂಟು ಅವರಿಗೆ ಕಂಡಿರಲಿಲ್ಲ.

ಸುಳಿವು ಕೊಟ್ಟವಳು ಅವ್ವ. ಅವಳಿಗೇ ಗೊತ್ತಿಲ್ಲದಂತೆ ಕೊಟ್ಟಳು.

ನಮ್ಮದು ಹಳೆಯ ಮನೆ, ನೆಲಕ್ಕೆ ಶಹಾಬಾದಿ ಪರ್ಸಿ. ಅವ್ವ ಸೋಮವಾರಕ್ಕೊಮ್ಮೆ ಎಲ್ಲ ಸಾಮಾನು ಸರಿಸಿ ಒರೆಸುತ್ತಾಳೆ. ಕಂಪ್ಯೂಟರ್ ಟೇಬಲ್ಲನ್ನೂ ಒಂದು ಗೇಣು ಎಳೆದು, ಒರೆಸಿ, ಮೊಣಕಾಲಿನಿಂದ ಹಿಂದಕ್ಕೆ ದಬ್ಬುತ್ತಾಳೆ. ಮೂರನೇ ವಾರ ನನಗೆ ಹೊಳೆಯಿತು: ಕಂಪ್ಯೂಟರಿಗೆ ಜ್ವರ ಬರುವುದು ಸೋಮವಾರ ಸೋಮವಾರ.

‘ಅವ್ವಾ, ಸ್ವಲ್ಪ ಟೇಬಲ್ ದಬ್ಬು ನೋಡಮು.’

‘ಈಗರೆ ಒರಸಿನಿ, ಮತ್ತ ಯಾಕ?’

‘ಸುಮ್ಮ ದಬ್ಬು.’

ದಬ್ಬಿದಳು. ಪರದೆ ಗರ ಬಡಿಯಿತು.

ಡಬ್ಬಿ ತೆಗೆಯುವ ಮೊದಲು ಪ್ಲಗ್ಗನ್ನೇ ಗೋಡೆಯಿಂದ ಕಿತ್ತೆ. ನಮ್ಮಂಥ ಹಳೆಯ ಮನೆಗಳಲ್ಲಿ ಅರ್ಥಿಂಗ್ ಎಂಬುದು ಸಾಕೆಟ್ಟಿನ ಮೂರನೇ ತೂತಿಗಷ್ಟೇ ಸೀಮಿತ, ಅದರ ಹಿಂದೆ ತಂತಿ ಇರುವುದಿಲ್ಲ. ಅಂಥ ಕಡೆ ಕಂಪ್ಯೂಟರಿಗೆ ಕರೆಂಟ್ ಹಂಚುವ ಪೆಟ್ಟಿಗೆಯ, ಅಂದರೆ ಎಸ್‌ಎಂಪಿಎಸ್‌ನ ಒಳಗಿನ ಫಿಲ್ಟರ್ ಕೆಪಾಸಿಟರುಗಳ ಮೂಲಕ ಸ್ವಲ್ಪ ಕರೆಂಟ್ ಕಬ್ಬಿಣದ ಡಬ್ಬಿಗೆ ಸೋರುತ್ತದೆ. ಬರಿಗಾಲಲ್ಲಿ ಹಸಿ ಪರ್ಸಿ ಮೇಲೆ ನಿಂತು ಡಬ್ಬಿ ಮುಟ್ಟಿದರೆ ಕೈ ಝುಂ ಅನ್ನುತ್ತದೆ. ಎಷ್ಟೋ ವರ್ಷ ಅದು ಕಂಪ್ಯೂಟರಿನ ಸ್ವಭಾವವೇ ಇರಬೇಕು ಎಂದುಕೊಂಡಿದ್ದೆವು. ಅಲ್ಲ. ಎಲೆಕ್ಟ್ರಿಷಿಯನ್ನನ್ನು ಕರೆದು ಅರ್ಥಿಂಗ್ ಹಾಕಿಸಬೇಕಾದ ವಿಷಯ.

ಒಳಗೆ ನೋಡಿದರೆ ಧೂಳು ಹೊರತು ಕಣ್ಣಿಗೆ ಬೀಳುವಂಥದ್ದು ಏನಿಲ್ಲ. ಡಿಸ್ಕಿನ ಹಿಂದಿನಿಂದ ಸಾಟಾ ಕೇಬಲ್ ಹೊರಟು, ಡಬ್ಬಿಯ ಬಾಗಿಲಿಗೆ ತಗುಲಿ, ಅಲ್ಲಿಂದ ಚೂಪಾಗಿ ಮಡಚಿಕೊಂಡು ಬೋರ್ಡಿಗೆ ಹೋಗಿತ್ತು. ಬಾಗಿಲು ಮುಚ್ಚಿದಾಗಲೆಲ್ಲ ಅದು ಕೇಬಲ್ಲಿನ ಬಾಯನ್ನು ಓರೆಯಾಗಿ ಒತ್ತುತ್ತಿತ್ತು. ಹಳೆಯ ಸಾಟಾ ಕೇಬಲ್ಲಿಗೆ ಕಚ್ಚಿ ಹಿಡಿಯುವ ಕೊಂಡಿಯೂ ಇರುವುದಿಲ್ಲ, ಬರಿ ಬಿಗಿತದ ಮೇಲೆ ನಿಂತಿರುತ್ತದೆ. ಸುಮಾರು 50 ಸಲ ಹಾಕಿ ತೆಗೆಯುವುದಕ್ಕಷ್ಟೇ ಅದರ ಆಯುಷ್ಯ ಎಂದು ತಯಾರಿಸಿದವರೇ ಲೆಕ್ಕ ಹಾಕಿರುತ್ತಾರೆ.

ಇದು ಕೇಬಲ್ಲಿನದೇ ತಪ್ಪು ಎಂದು ಹೇಗೆ ಖಾತ್ರಿ ಮಾಡಿಕೊಳ್ಳುವುದು? ಇಲ್ಲಿ ಡಿಸ್ಕೇ ನಮ್ಮ ಪರವಾಗಿ ಸಾಕ್ಷಿ ಹೇಳುತ್ತದೆ. ಪ್ರತಿ ಡಿಸ್ಕಿನೊಳಗೂ ಸ್ಮಾರ್ಟ್ ಎಂಬ ಒಂದು ಖಾತೆ ಪುಸ್ತಕ ಇರುತ್ತದೆ. ಕ್ರಿಸ್ಟಲ್ ಡಿಸ್ಕ್ ಇನ್ಫೋದಂಥ ಉಚಿತ ತಂತ್ರಾಂಶದಲ್ಲಿ ತೆಗೆದು ಓದಬಹುದು. ಅದರಲ್ಲಿ 5ನೇ ಕಲಮು, 197ನೇ ಕಲಮು ಡಿಸ್ಕಿನ ಮೈಗೆ ಸಂಬಂಧಿಸಿದ್ದು. ಕೆಟ್ಟ ಜಾಗಗಳೆಷ್ಟು, ಕೆಡುವ ಹಾದಿಯಲ್ಲಿರುವುದೆಷ್ಟು. ಅವು ಏರುತ್ತಿದ್ದರೆ ಡಿಸ್ಕ್ ನಿಜಕ್ಕೂ ಹೊರಟಿದೆ ಎಂದರ್ಥ. 199ನೆಯದು ಬೇರೆ. ಅದು ದಾರಿಯ ಲೆಕ್ಕ.

ನೆಹರು ಗಂಜಿನಲ್ಲಿ ತೊಗರಿ ಚೀಲ ಲಾರಿಗೆ ಏರುವಾಗ ಒಮ್ಮೆ ತೂಗುತ್ತಾರೆ, ಇಳಿಯುವಾಗ ಇನ್ನೊಮ್ಮೆ ತೂಗುತ್ತಾರೆ. ಎರಡು ತೂಕ ತಾಳೆಯಾದರೆ ಸರಿ, ಆಗದಿದ್ದರೆ ನಡುವೆ ಎಲ್ಲೋ ಚೀಲ ಹರಿದಿದೆ. ಕೇಬಲ್ಲಿನಲ್ಲಿ ಹೋಗುವ ಪ್ರತಿ ಕಂತಿನ ಜೊತೆಗೂ ಹೀಗೇ ಒಂದು ತೂಕದ ಚೀಟಿ ಹೋಗುತ್ತದೆ, ಅದಕ್ಕೆ ಸಿಆರ್‌ಸಿ ಅನ್ನುತ್ತಾರೆ. ಮುಟ್ಟಿದ ಮಾಲಿಗೂ ಚೀಟಿಗೂ ತಾಳೆಯಾಗದಿದ್ದರೆ ಆ ಕಂತನ್ನು ಮತ್ತೆ ಕಳಿಸಬೇಕು, ಮತ್ತು ಡಿಸ್ಕ್ ತನ್ನ 199ನೇ ಕಲಮಿನಲ್ಲಿ ಒಂದು ಗೀಟು ಎಳೆಯುತ್ತದೆ. ಕಣಜದೊಳಗಿನ ತೊಗರಿಗೆ ಏನೂ ಆಗಿಲ್ಲ, ಹರಿದದ್ದು ಚೀಲ.

ನನ್ನ ಡಿಸ್ಕಿನಲ್ಲಿ 5 ಮತ್ತು 197 ಸೊನ್ನೆ. 199ರ ಎದುರು, ಆ ತಂತ್ರಾಂಶದಲ್ಲಿ ಸಿ7 ಎಂದು ಕಾಣುವ ಸಾಲಿನ ಎದುರು, 1ಎ4 ಎಂದು ಬರೆದಿತ್ತು. ಅದು ತನ್ನ ಲೆಕ್ಕವನ್ನು ಹದಿನಾರರ ಎಣಿಕೆಯಲ್ಲಿ ತೋರಿಸುತ್ತದೆ, ಗೊತ್ತಿಲ್ಲದವರು ಸೊನ್ನೆಗಳ ಸಾಲು ನೋಡಿ ಏನೂ ಇಲ್ಲ ಎಂದು ಬಿಟ್ಟುಬಿಡುತ್ತಾರೆ. ಬಿಡಿಸಿದೆ: 256, ಅದಕ್ಕೆ 160, ಅದಕ್ಕೆ 4. ಒಟ್ಟು 420.

ಅಪ್ಪ ಹಿಂದೆ ಕುರ್ಚಿಯಲ್ಲಿ ಕೂತು ಕೇಳಿಸಿಕೊಳ್ಳುತ್ತಿದ್ದ. ‘ಚಾರ್ ಸೌ ಬೀಸ್!’ ಎಂದು ನಕ್ಕ. ‘ಡಿಸ್ಕು ಚಾರ್ ಸೌ ಬೀಸ್ ಅದ ಅಂದಂಗಾಯ್ತು.’

‘ಡಿಸ್ಕು ಅಲ್ಲಪ್ಪಾ, ಕೇಬಲ್.’

ಕೊಂಡಿ ಇರುವ ಹೊಸ ಕೇಬಲ್ ತಂದೆ. ಮಿರ್ಚಿ ಭಜಿ, ಸುಸಲಾ ತಿಂದು ಚಹಾ ಕುಡಿದಷ್ಟು ದುಡ್ಡು. ಬೇರೆ ಪೋರ್ಟಿಗೆ ಹಾಕಿ, ಬಾಗಿಲಿಗೆ ತಾಗದಂತೆ ಸುತ್ತಿ ಬಿಟ್ಟೆ. 199ನೇ ಕಲಮು ಮಾತ್ರ ಎಂದೂ ಇಳಿಯುವುದಿಲ್ಲ; ಕೇಬಲ್ ಬದಲಿಸಿದರೂ ಹಳೆಯ 420 ಹಾಗೇ ಇರುತ್ತದೆ. ನೋಡಬೇಕಾದದ್ದು ಅದು ಏರುತ್ತದೋ ಇಲ್ಲವೋ ಎಂಬುದನ್ನು. ಏರಲಿಲ್ಲ. ಆದರೂ ಈ ಖಾತೆ ಪುಸ್ತಕವನ್ನೇ ದೇವರ ವಾಕ್ಯ ಅಂದುಕೊಳ್ಳಬೇಡಿ. ಮೇಲೆ ಹೇಳಿದ ಅದೇ ಅಧ್ಯಯನದಲ್ಲಿ, ಕೆಟ್ಟುಹೋದ ಡಿಸ್ಕುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಮುಖ್ಯವಾದ ನಾಲ್ಕು ಕಲಮುಗಳಲ್ಲಿ ಒಂದು ಗೀಟನ್ನೂ ಎಳೆಯದೆ ಸತ್ತಿದ್ದವು.

ಇಷ್ಟಕ್ಕೆ ಮುಗಿಯಲಿಲ್ಲ. ರೋಹಿಣಿ ಮಳೆಗೆ ಮುಂಚೆ ಗುಡುಗು ಸಿಡಿಲು ಶುರುವಾದಾಗ ಅವ್ವ ಮನೆಯ ಮೇನ್ ಸ್ವಿಚ್ಚನ್ನೇ ಆರಿಸುತ್ತಾಳೆ. ಒಂದು ರಾತ್ರಿ ಆರಿಸಿ ಬೆಳಿಗ್ಗೆ ಹಾಕಿದರೆ ಕಂಪ್ಯೂಟರಿನಲ್ಲಿ ನೀಲಿ ಪರದೆ, ಕೆಳಗೆ 7ಬಿ ಎಂದು ಮುಗಿಯುವ ಸಂಖ್ಯೆ. ನಾನು ಅಂದುಕೊಂಡದ್ದು ಅದೇ: ಈಗ ಖರೇನೇ ಹೋಯ್ತು. ವಿಂಡೋಸ್ ಮತ್ತೆ ಹಾಕಲು ಪೆನ್‌ಡ್ರೈವ್ ಕೂಡ ಚುಚ್ಚಿದ್ದೆ. ಬಯಾಸಿನೊಳಗೆ, ಅಂದರೆ ಬೋರ್ಡಿನ ಸೆಟ್ಟಿಂಗ್ ಇರುವ ಪರದೆಗೆ, ಹೋದಾಗ ಮೂಲೆಯಲ್ಲಿ ತಾರೀಖು ಹತ್ತು ವರ್ಷಕ್ಕೂ ಹಿಂದಿನದು ಕಂಡಿತು. ಬೋರ್ಡಿನ ಮೇಲಿನ ಗುಂಡು ಸೆಲ್, ಸಿಆರ್2032, ತೀರಿಹೋಗಿತ್ತು. ಗೋಡೆಯ ಕರೆಂಟ್ ಇರುವತನಕ ಅದರ ಮೇಲೆ ಭಾರ ಬೀಳುವುದಿಲ್ಲ, ಮೇನ್ ಆರಿಸಿದ ಕೂಡಲೇ ಬೋರ್ಡ್ ಎಲ್ಲ ಮರೆತಿತ್ತು. ಸಾಟಾ ಡಿಸ್ಕಿನ ಜೊತೆ ಎಎಚ್‌ಸಿಐ ಎಂಬ ಭಾಷೆಯಲ್ಲಿ ಮಾತಾಡಬೇಕು ಎಂಬುದನ್ನೂ ಮರೆತು, ತನ್ನ ಮೂಲದ ಐಡಿಇ ಭಾಷೆಗೆ ಮರಳಿತ್ತು. ವಿಂಡೋಸಿಗೆ ಆ ಭಾಷೆಯ ಡ್ರೈವರ್ ತಯಾರಿರಲಿಲ್ಲ, ಹಾಗಾಗಿ ನೀಲಿಯಾಯಿತು. ಒಂದು ಆಯ್ಕೆ ಬದಲಿಸಿ, ಒಂದು ಸೆಲ್ ಹಾಕಿದ್ದಕ್ಕೆ ಎಲ್ಲ ಸರಿಹೋಯಿತು. ಅದೊಂದು ತಾರೀಖು ಕಣ್ಣಿಗೆ ಬೀಳದಿದ್ದರೆ ನಾನೇ ನನ್ನ ಕೈಯಾರೆ ಎಲ್ಲ ಅಳಿಸಿ ಕೂತಿರುತ್ತಿದ್ದೆ.

ಹದಿನೈದು ದಿನದೊಳಗೆ ಎರಡು ಸಲ ‘ಹೋಗ್ಯದ’ ಅಂದುಕೊಂಡೆ, ಎರಡು ಸಲವೂ ಹೋಗಿರಲಿಲ್ಲ. ಆ ರಾತ್ರಿ ಅಲಮಾರಿಯ ಕೆಳಗಿನ ಖಾನೆ ನೆನಪಾಯಿತು.

ಧೋತರ ಬಿಚ್ಚಿದಾಗ ನುಸಿಗುಳಿಗೆಯ ವಾಸನೆ. ಡಿಸ್ಕಿನ ಮೈ ತಣ್ಣಗೆ, ಸ್ವಚ್ಛವಾಗಿತ್ತು. ಮೊಬೈಲಿನ ಟಾರ್ಚ್ ಹಿಡಿದು 39 ಸೂಜಿಗಳ ಬಾಯೊಳಗೆ ನೋಡಿದೆ. ಕೆಳಗಿನ ಸಾಲಿನಲ್ಲಿ, ಒಂದು ಮೂಲೆಯಿಂದ ನಾಲ್ಕನೆಯದು, ಗೋಡೆಗೆ ಒರಗಿ ಮಲಗಿತ್ತು.

ಅದನ್ನು ನೋಡುತ್ತ ಎಷ್ಟು ಹೊತ್ತು ಕೂತಿದ್ದೆನೋ. ಅಂಗಡಿಯವನ ಮೇಲೆ ಸಿಟ್ಟು ಬಂತು ಅಂದರೆ ಸುಳ್ಳಾಗುತ್ತದೆ. ಆ ಬಿಸಿಲಲ್ಲಿ, ಅಷ್ಟು ಜನರ ನಡುವೆ, ಅವನು ಮಾಡಿದ್ದನ್ನೇ ನಾನೂ ಮಾಡುತ್ತಿದ್ದೆನೇನೋ. ಸಿಟ್ಟು ಬಂದದ್ದು ನನ್ನ ಮೇಲೆ. ಮನೆಯಲ್ಲಿ ವಿಜ್ಞಾನ ಓದಿದವಳು ಒಬ್ಬಳಿದ್ದಳು, ಹನ್ನೆರಡು ವರ್ಷದಲ್ಲಿ ಒಮ್ಮೆಯೂ ಆ ಗಂಟು ಬಿಚ್ಚಿ ಟಾರ್ಚ್ ಹಿಡಿಯಲಿಲ್ಲ.

ಬಾಗಿದ ಸೂಜಿಯನ್ನು ಇಕ್ಕಳದಿಂದ ಎಳೆಯಬಾರದು, ಮುರಿದೇ ಹೋಗುತ್ತದೆ. ಖಾಲಿಯಾದ ಬಾಲ್‌ಪೆನ್ನಿನ ರೀಫಿಲ್ಲಿನ ತುದಿ ಕಿತ್ತು, ಆ ಕೊಳವೆಯನ್ನು ಸೂಜಿಯ ಮೇಲೆ ಟೊಪ್ಪಿಗೆಯ ಹಾಗೆ ತೊಡಿಸಿ, ಮಗುವಿನ ಬೆರಳು ಹಿಡಿದು ಎಬ್ಬಿಸಿದಂತೆ ಒಂದೇ ಸಲ ಮೇಲೆತ್ತಬೇಕು. ಹಿಂದೆ ಮುಂದೆ ಆಡಿಸಿದರೆ ಲೋಹ ದಣಿಯುತ್ತದೆ. ಮೊದಲ ರೀಫಿಲ್ ದೊಡ್ಡದಾಯಿತು. ಅಪ್ಪ ತನ್ನ ಪೆನ್ನಿನ ಪೆಟ್ಟಿಗೆ ತಂದಿಟ್ಟ, ಏನೂ ಕೇಳಲಿಲ್ಲ. ಮೂರನೆಯದು ಕೂತಿತು. ಸೂಜಿ ಎದ್ದಿತು.

ಐಡಿಇಯಿಂದ ಯುಎಸ್‌ಬಿಗೆ ಹೋಗುವ ಅಡಾಪ್ಟರ್ ಒಂದನ್ನು ಆನ್‌ಲೈನ್ ತರಿಸಿದೆ. ಡೆಸ್ಕ್‌ಟಾಪಿನ ದೊಡ್ಡ ಡಿಸ್ಕಿಗಾದರೆ ಪ್ರತ್ಯೇಕ ಕರೆಂಟ್ ಅಡಾಪ್ಟರ್ ಇರುವುದನ್ನೇ ಕೊಳ್ಳಬೇಕು. ಯುಎಸ್‌ಬಿಯಲ್ಲಿ ಸಾಮಾನ್ಯವಾಗಿ ಸಿಗುವುದು 5 ವೋಲ್ಟ್ ಮಾತ್ರ, ಡಿಸ್ಕಿನ ಮೋಟರಿಗೆ 12 ಬೇಕು, ತಿರುಗಲು ಶುರುಮಾಡುವ ಕ್ಷಣದಲ್ಲಂತೂ ಸುಮಾರು 2 ಆಂಪಿಯರ್ ಎಳೆಯುತ್ತದೆ. ಸೊರಗಿದ ಎಸ್‌ಎಂಪಿಎಸ್ ಇದ್ದ ಮನೆಗಳಲ್ಲಿ ಈ ಒಂದು ಕ್ಷಣ ದಾಟದೆಯೇ ಎಷ್ಟೋ ಡಿಸ್ಕುಗಳು ‘ಹೋಗಿರುತ್ತವೆ’. ನಾಲ್ಕು ತಂತಿಯ ಹಳೆಯ ಪ್ಲಗ್ಗಿನಲ್ಲಿ ಹಳದಿಯದು 12, ಕೆಂಪು 5, ಎರಡು ಕಪ್ಪು ನೆಲ. ಒಳಗಿನ ಲೋಹದ ಕೊಳವೆ ಹಿಂದಕ್ಕೆ ಸರಿದಿದ್ದರೆ ಹೊರಗಿನಿಂದ ಬಿಗಿಯಾಗಿ ಕಂಡರೂ ಕರೆಂಟ್ ಮುಟ್ಟುವುದಿಲ್ಲ.

ಹಚ್ಚಿದೆ. ಡಿಸ್ಕ್ ಸುಯ್ ಎಂದು ಏರುದನಿಯಲ್ಲಿ ತಿರುಗಿತು. ಟಕ್ ಟಕ್ ಇಲ್ಲ. ಆದರೆ ಪರದೆಯಲ್ಲಿ ಏನೂ ಇಲ್ಲ. ಒಂದು ಘಳಿಗೆ ಮತ್ತೆ ಅದೇ ಮಾತು ನಾಲಿಗೆ ತುದಿಗೆ ಬಂತು. ಆಮೇಲೆ ಜಂಪರಿನ ಜಾಗ ನೋಡಿದೆ: ಬೋಳು. 2008ರಲ್ಲಿ ಕಿತ್ತದ್ದು ಹಾಗೇ ಇತ್ತು. ಅಂದರೆ ಈ ಡಿಸ್ಕ್ ಇನ್ನೂ ತಾನು ಎರಡನೆಯವನು, ಮುಂದೆ ಇನ್ನೊಬ್ಬ ಇದ್ದಾನೆ ಎಂದೇ ನಂಬಿ ಕೂತಿತ್ತು. ನನ್ನ ಅಡಾಪ್ಟರ್ ಮಾಸ್ಟರನ್ನು ಮಾತ್ರ ಮಾತಾಡಿಸುತ್ತದೆ. 2012ರಲ್ಲಿ ಅಂಗಡಿಯಲ್ಲೂ ಅದನ್ನು ಒಂಟಿಯಾಗಿ ಹಚ್ಚಿದಾಗ ಯಾರೂ ಜಂಪರ್ ಬದಲಿಸಿರಲಿಲ್ಲ. ಸತ್ತ 160ರ ಡಿಸ್ಕಿನಿಂದ ಜಂಪರ್ ಕಿತ್ತು, ಅಪ್ಪನ ಡಿಸ್ಕಿನ ಚೀಟಿ ಮೇಲೆ ಬರೆದ ಚಿತ್ರ ನೋಡಿ ಹಾಕಿದೆ.

‘ಮಾಸ್ತರ್ ಇಲ್ದ ಸಾಲಿ ಆಗಿತ್ತೇನು ಅದು?’ ಅಪ್ಪ ಕೇಳಿದ.

‘ಅದಕ್ಕೇ ಮಾಸ್ತರ್ ಮಾಡೀನಿ ಈಗ.’

ವಿಂಡೋಸಿನಲ್ಲಿ ಮೊದಲು ತೆರೆಯಲಿಲ್ಲ. ಇಂಥ ಹೊತ್ತಲ್ಲಿ ಅದು ಫಾರ್ಮ್ಯಾಟ್ ಮಾಡಲೇ ಎಂದು ಬಹಳ ಮರ್ಯಾದೆಯಿಂದ ಕೇಳುವುದುಂಟು, ಹೂಂ ಅಂದವರ ಗತಿ ಅಷ್ಟೇ. ಲಿನಕ್ಸಿನ ಪೆನ್‌ಡ್ರೈವಿನಿಂದ ಚಾಲೂ ಮಾಡಿ, ಡಿಡಿರೆಸ್ಕ್ಯೂ ಎಂಬ ಉಪಕರಣದಿಂದ ಇಡೀ ಡಿಸ್ಕಿನ ಪಡಿಯಚ್ಚನ್ನು ಹೊಸ ಡಿಸ್ಕಿಗೆ ಇಳಿಸಿದೆ. ಇಷ್ಟು ವರ್ಷ ಮಲಗಿದ ಮೋಟರ್ ಎಷ್ಟು ಹೊತ್ತು ತಿರುಗುತ್ತದೋ ಯಾರಿಗೆ ಗೊತ್ತು? ಮೊದಲು ಕಾಪಿ, ನೋಡುವುದು ಆಮೇಲೆ. ನಾಲ್ಕು ಕಡೆ ತಡವರಿಸಿತು, ದಾಟಿತು. ಒಂದು ತಾಸಿನ ಸುಮಾರಿಗೆ ಮುಗಿಯಿತು. 80 ಜಿಬಿ ಅಂದದ್ದು ಕಂಪ್ಯೂಟರಿನ ಎಣಿಕೆಯಲ್ಲಿ 74.5, ಅದು ಯಾರೂ ಕದ್ದದ್ದಲ್ಲ, ಸಾವಿರದ ಲೆಕ್ಕಕ್ಕೂ 1024ರ ಲೆಕ್ಕಕ್ಕೂ ಇರುವ ವ್ಯತ್ಯಾಸ.

‘ಪದಗಳು’ ಎಂಬ ಫೋಲ್ಡರ್ ಅಲ್ಲೇ ಇತ್ತು. ಒಳಗೆ 212 ಕಡತ. ಒಂದನ್ನು ತೆರೆದೆ, ಅಪ್ಪ ಕನ್ನಡಕ ಏರಿಸಿ ಬಾಗಿದ. ಪರದೆ ತುಂಬ ಯೂರೋಪಿನ ಯಾವುದೋ ದೇಶದ ಅಕ್ಷರಗಳು, ತಲೆ ಮೇಲೆ ಚುಕ್ಕಿ, ಟೊಪ್ಪಿಗೆ, ಕೊಂಬು.

‘ಇದು ನಂದಲ್ಲ’ ಅಂದ ಅಪ್ಪ.

ಅವನದೇ. ಆ ಕಾಲದ ನುಡಿಯಲ್ಲಿ ಬರೆದದ್ದು ಒಳಗೆ ಇಂಗ್ಲಿಷ್ ಸಂಕೇತಗಳಾಗಿಯೇ ಉಳಿಯುತ್ತಿತ್ತು, ಮೇಲೆ ಕನ್ನಡದ ವೇಷ ಹಾಕುತ್ತಿದ್ದುದು ಫಾಂಟು. ಫಾಂಟ್ ಇಲ್ಲದ ಯಂತ್ರದಲ್ಲಿ ವೇಷ ಕಳಚಿತ್ತು. ಹುಡುಕಿ ಫಾಂಟ್ ಹಾಕಿದೆ, ಅಕ್ಷರ ಮೂಡಿದವು. ಆಮೇಲೆ ಎಲ್ಲ ಯಂತ್ರಗಳಲ್ಲೂ ಓದಬಹುದಾದ ಯೂನಿಕೋಡಿಗೆ ಬದಲಿಸಿದೆ. ಕೆಲವು ಒತ್ತಕ್ಷರ, ಅರ್ಕಾವೊತ್ತು ಅಲ್ಲಲ್ಲಿ ಜಾಗ ತಪ್ಪಿದ್ದವು.

ಅಪ್ಪ ಸಂತೋಷಪಡುತ್ತಾನೆ, ಕಣ್ಣು ತುಂಬಿಕೊಳ್ಳುತ್ತಾನೆ ಎಂದೆಲ್ಲ ನಾನು ಕಾದಿದ್ದೆ. ಅವನು ಮೊದಲ ಪದ ಓದಿದ, ಎರಡನೆಯದು ಓದಿದ, ಎದ್ದು ಒಳಗೆ ಹೋಗಿ ಮೂರು ಉದ್ದನೆಯ ನೋಟ್‌ಬುಕ್ ತಂದ. ಡಿಸ್ಕ್ ಹೋದ ಮೇಲೆ ಅವನು ಸುಮ್ಮನೆ ಕೂತಿರಲಿಲ್ಲ; ಬಸ್ ಹಿಡಿದು ಅದೇ ಊರುಗಳಿಗೆ ಮತ್ತೆ ಹೋಗಿ, ಏಕತಾರಿ ಹಿಡಿದ ಅದೇ ಮುದುಕರ ಬಾಯಿಂದ ಇನ್ನೊಮ್ಮೆ ಕೇಳಿ ಬರೆದಿದ್ದ. ಅದು ನನಗೆ ಗೊತ್ತಿತ್ತು, ಹೊತ್ತು ಕಳೆಯಲು ಮಾಡುತ್ತಾನೆ ಎಂದುಕೊಂಡಿದ್ದೆ.

‘ಇದು ತಪ್ಪದ’ ಎಂದು ಪರದೆಯ ಮೇಲೆ ಬೆರಳಿಟ್ಟ. ‘ಅಂವ ಹಾಡಿದ್ದು ಬ್ಯಾರೆ, ನಾ ಆಗ ಕೇಳಿದ್ದು ಬ್ಯಾರೆ. ಎರಡನೇ ಸಲ ಹೋದಾಗ ತಿಳೀತು. ಇದು ಭಿ ತಪ್ಪದ. ಹೋಗಿದ್ದೇ ಛಲೋ ಆಗಿತ್ತು ಬಿಡು.’

‘ಅಳಿಸಿಬಿಡಲೇನು ಹಂಗಾದ್ರ?’

‘ಹುಚ್ಚಿ. ಕುಂದ್ರಲಕ ಜಾಗ ಬಿಡು. ತಿದ್ದತೀನಿ.’

ಹನ್ನೆರಡು ವರ್ಷದ ಮೇಲೆ ಅಪ್ಪ ಕೀಬೋರ್ಡಿನ ಮುಂದೆ ಕೂತ. ಎರಡೇ ಬೆರಳು, ಎಡತೊಡೆಯ ಮೇಲೆ ನೋಟ್‌ಬುಕ್. ನಾನು ಪದಗಳ ಫೋಲ್ಡರನ್ನು ಎರಡು ಪೆನ್‌ಡ್ರೈವಿಗೆ ಹಾಕಿ, ಒಂದನ್ನು ಊರಲ್ಲಿರುವ ತಮ್ಮನ ಮನೆಗೆ ಕಳಿಸಿದೆ. ಹಳೆಯ ಡಿಸ್ಕನ್ನು ಮತ್ತೆ ಸುತ್ತಿಡಲು ನೋಡಿದರೆ ಧೋತರ ಇರಲಿಲ್ಲ.

ಮರುದಿನ ಸೋಮವಾರ. ಅವ್ವ ಅದೇ ಧೋತರದ ತುಂಡನ್ನು ಬಕೆಟ್ಟಿನಲ್ಲಿ ಅದ್ದಿ ಹಿಂಡಿ ಪರ್ಸಿ ಒರೆಸುತ್ತಿದ್ದಳು. ಅಪ್ಪ ಹದಿನಾಲ್ಕನೇ ಪದ ತಿದ್ದುತ್ತಿದ್ದ. ‘ಕಾಲ ಮ್ಯಾಲ ತಗೋರಿ’ ಅಂದು ಟೇಬಲ್ ಎಳೆದಳು, ಒರೆಸಿದಳು, ಮೊಣಕಾಲು ಕೊಟ್ಟು ಹಿಂದಕ್ಕೆ ದಬ್ಬಿದಳು. ನಾನು ಪರದೆ ನೋಡುತ್ತ ನಿಂತಿದ್ದೆ. ಅಪ್ಪ ಒಂದು ಅಕ್ಷರ ಹುಡುಕಿ ಕುಟ್ಟಿದ, ಅದು ಮೂಡಿತು.